ಊರಿನ ವೀರನೂ ಮನೆಯ ತಂದೆಯೂ

ಬೈಂದೂರಿನಿಂದ ಬ್ರಹ್ಮಾವರದ ವರೆಗಿನ ಕರಾವಳಿಯಲ್ಲಿ ವೀರನೆಂದರೆ ಯಾರೆಂಬುದನ್ನು ಮಕ್ಕಳು ಬಹುಕಾಲ ಬಯಲಾಟದ ರಂಗಸ್ಥಳದಿಂದಲೇ ಕಲಿತರು. ಮಳೆಗಾಲ ಕಳೆದು ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮದ ಮೇಳಗಳು ತಿರುಗಾಟಕ್ಕೆ ಹೊರಟವೆಂದರೆ ಅವರ ಪಾಠಶಾಲೆ ತೆರೆಯಿತೆಂದೇ ಅರ್ಥ. ಕೇದಗೆ ಮುಂದಲೆ ಕಟ್ಟಿ ಚುರುಕಾಗಿ ಕುಣಿಯುವವನು ಅಭಿಮನ್ಯುವೋ ಬಭ್ರುವಾಹನನೋ ಆಗಿರಬೇಕು; ದೊಡ್ಡ ಮುಂಡಾಸಿನ ಗಂಭೀರ ವೇಷವು ಕರ್ಣನದೋ ಅರ್ಜುನನದೋ ಆಗಿರಬೇಕು. ಹಾರಾಡಿ ರಾಮ ಗಾಣಿಗರ ಕರ್ಣನನ್ನು ಬಾಲ್ಯದಲ್ಲಿ ಕಂಡವರು ಆ ಪ್ರವೇಶವೊಂದನ್ನೇ ಮುಪ್ಪಿನ ವರೆಗೂ ನೆನೆಯುತ್ತಿದ್ದುದುಂಟು.

ಹೀಗೆ ನೆನೆಯುವವರಲ್ಲಿ ಬ್ರಹ್ಮಾವರದ ಸಮೀಪದ ಒಬ್ಬ ವೃದ್ಧರೂ ಸೇರಿದ್ದರು. ಅವರ ಮೊಮ್ಮಗನಿಗೆ ಹದಿಮೂರು ವರ್ಷ. ಹುಡುಗನ ತಂದೆ ಬೆಂಗಳೂರಿನ ಹೋಟೆಲೊಂದರಲ್ಲಿ ದುಡಿಯುತ್ತಿದ್ದನು. ವರ್ಷಕ್ಕೆ ಒಂದೆರಡು ಬಾರಿ ಬಂದು ನಾಲ್ಕು ದಿನವಿದ್ದು ಹೋಗುತ್ತಿದ್ದನು. ಈಚೆಗೆ ತಂದೆಯು ದೂರವಾಣಿಯಲ್ಲಿ ಕರೆದರೆ ಹುಡುಗನು ಮಾತನಾಡದೆ ಎದ್ದುಹೋಗುತ್ತಿದ್ದನು. ಕಾರಣವನ್ನು ಯಾರೂ ಕೇಳಿರಲಿಲ್ಲ.

ಒಂದು ಸಂಜೆ ಹುಡುಗನು ಜಗಲಿಯಲ್ಲಿ ಕುಳಿತು ಚಿತ್ರವೊಂದನ್ನು ಬರೆಯುತ್ತಿದ್ದನು. ಹಳದಿ ಕೂದಲು, ಬೆನ್ನ ಮೇಲೆ ಬಿಳಿಯ ನಿಲುವಂಗಿ, ಅದರ ಅಂಚಿನಲ್ಲಿ ಕೆಂಪು ಜ್ವಾಲೆಗಳು.

“ಇದ್ ಯಾರ್ ಮಗಾ? ಎಂತ ವೇಷ?” ಎಂದು ಅಜ್ಜನು ಕೇಳಿದನು.

ಅದು ಜಪಾನಿನ ಚಿತ್ರಕಥೆಯೊಂದರ ನಾಯಕ. ಅಂತಹ ಕಥೆಗಳನ್ನು ಆ ದೇಶದವರು ಮಾಂಗಾ ಎನ್ನುವರು. ಮಸಾಶಿ ಕಿಶಿಮೊಟೊ ಎಂಬ ಚಿತ್ರಕಾರನು ರಚಿಸಿದ ‘ನರುಟೊ’ ಎಂಬ ಈ ಕಥೆಯು 1999ರಿಂದ 2014ರ ವರೆಗೆ ಅಲ್ಲಿಯ ವಾರಪತ್ರಿಕೆಯೊಂದರಲ್ಲಿ ಬೆಳೆದು 700 ಅಧ್ಯಾಯಗಳಾಗಿ, 72 ಸಂಪುಟಗಳಲ್ಲಿ ಮುಗಿಯಿತು. ಎಲೆಗಳ ಮರೆಯಲ್ಲಿ ಅಡಗಿರುವ ಕೊನೊಹ ಎಂಬ ಊರು. ಅದನ್ನು ಕಾಯುವವರು ನಿಂಜಾಗಳು. ಅವರ ಮುಖಂಡನಿಗೆ ಹೊಕಾಗೆ, ಎಂದರೆ ‘ಬೆಂಕಿಯ ನೆರಳು’, ಎಂಬ ಬಿರುದು. ಹುಡುಗನು ಬರೆದುದು ನಾಲ್ಕನೆಯ ಹೊಕಾಗೆಯಾದ ಮಿನಾಟೊವನ್ನು.

ಅಜ್ಜನಿಗೆ ಮೊದಲು ಹಿಡಿಸಲಿಲ್ಲ. ನಿಂಜಾ ಎಂದರೆ ಗುಪ್ತಚಾರನಲ್ಲವೆ? ಜಪಾನಿನ ಇಗಾ ಮತ್ತು ಕೋಗಾ ಸೀಮೆಗಳಲ್ಲಿ ಅಂತಹವರು ನಿಜವಾಗಿಯೂ ಇದ್ದರು. 1581ರಲ್ಲಿ ಒಡಾ ನೊಬುನಾಗನ ಸೈನ್ಯವು ಇಗಾ ಸೀಮೆಯನ್ನು ತುಳಿದುಹಾಕಿತು. ಆದರೆ ರಂಗಸ್ಥಳದ ವೀರನು ಅಡಗುವವನಲ್ಲ. ಒಡ್ಡೋಲಗದಲ್ಲಿ ಕುಣಿದು, ತಾನು ಯಾರ ಮಗನೆಂದು ಸಭೆಗೆ ಸಾರಿ, ಬಳಿಕ ಕಾಳಗಕ್ಕೆ ನಿಲ್ಲುವವನು. ಮರೆಯಲ್ಲಿ ನಿಂತು ಹೊಡೆಯುವವನನ್ನು ವೀರನೆನ್ನುವುದು ಹೇಗೆ?

ಹುಡುಗನು ಕಥೆಯನ್ನು ಮುಂದುವರಿಸಿದನು. ಮಿನಾಟೊವಿಗೆ ಮಗನು ಹುಟ್ಟಿದ ರಾತ್ರಿಯೇ ಒಂಬತ್ತು ಬಾಲಗಳ ಮಾಯಾನರಿಯೊಂದು ಊರಿನ ಮೇಲೆ ಬಿದ್ದಿತು. ಊರನ್ನುಳಿಸಲು ಅವನು ಮೃತ್ಯುದೇವತೆಗೆ ತನ್ನ ಪ್ರಾಣವನ್ನೊಪ್ಪಿಸಿ, ನರಿಯ ಶಕ್ತಿಯಲ್ಲಿ ಅರ್ಧವನ್ನು ತಾನು ಹೊತ್ತು, ಉಳಿದರ್ಧವನ್ನು ಹಸುಗೂಸಿನ ಒಡಲಲ್ಲಿ ಬಂಧಿಸಿ ಮಡಿದನು. ಆ ಶಿಶುವನ್ನು ಊರವರು ವೀರನೆಂದು ಕಾಣಬೇಕೆಂಬುದೇ ಅವನ ಕೊನೆಯ ಆಸೆ. ಊರವರಾದರೋ ಹುಡುಗನನ್ನು ನರಿಯೆಂದೇ ಕಂಡು ದೂರವಿಟ್ಟರು. ತಂದೆಯ ವೈರಿಗಳ ಭಯದಿಂದ ಹಿರಿಯರು ತಂದೆಯ ಹೆಸರನ್ನೂ ಅವನಿಗೆ ತಿಳಿಸಲಿಲ್ಲ. ಎಷ್ಟೋ ವರ್ಷಗಳ ಬಳಿಕ ತಂದೆಯ ಛಾಯೆಯು ಮಗನ ಅಂತರಂಗದಲ್ಲಿ ಕಾಣಿಸಿಕೊಂಡಿತು. ಮಗನು ಮೊದಲು ಮುಷ್ಟಿಯಿಂದ ಅವನನ್ನು ಗುದ್ದಿದನು, ಅನಂತರ ಅತ್ತನು.

“ಅಜ್ಜಯ್ಯಾ, ಅವ ಊರ್ ಉಳ್ಸ್ದ. ಮಗನ್ ಬಿಟ್ಟ್ ಹೋದ. ಅವನ್ನ ವೀರ ಅಂಬುಕಾತ್ತಾ?”

ಕೇಳಿದುದು ಜಪಾನಿನ ಕಥೆಯ ಮಾತಲ್ಲವೆಂಬುದು ವೃದ್ಧರಿಗೆ ತಿಳಿಯಿತು. ಅವರು ಕೂಡಲೆ ಉತ್ತರ ಹೇಳಲಿಲ್ಲ. ಅವರಿಗೆ ನೆನಪಾದುದು ಬಭ್ರುವಾಹನನ ಕಾಳಗ. ಅಶ್ವಮೇಧದ ಕುದುರೆಯ ಹಿಂದೆ ಅರ್ಜುನನು ಮಣಿಪುರಕ್ಕೆ ಬರುವನು. ತಂದೆಯೆಂದು ತಿಳಿದು ಕಪ್ಪಕಾಣಿಕೆಯೊಡನೆ ಎದುರ್ಗೊಂಡ ಮಗನನ್ನು ಹೀಗಳೆಯುವನು. ತಾಯಿಗೆ ಅಪಮಾನವಾದಾಗ ಮಗನು ಬಿಲ್ಲು ಹಿಡಿದು ತಂದೆಯನ್ನೇ ಕೆಡೆಯುವನು. ಅಲ್ಲಿಯೂ ಮಗನು ಹೊಡೆದು ಬಳಿಕ ಅಳುವನು. ಎರಡೂ ಕಥೆಗಳಲ್ಲಿ ತಂದೆಯು ಲೋಕಕ್ಕೆ ವೀರನೇ. ಆದರೆ ಮಣಿಪುರದಲ್ಲಿ ಚಿತ್ರಾಂಗದೆಯು ತಂದೆಯು ಯಾರೆಂಬುದನ್ನು ಮಗನಿಗೆ ಹೇಳಿದ್ದಳು, ಕೊನೊಹದಲ್ಲಿ ಹೇಳುವವರಿರಲಿಲ್ಲ. ತಮ್ಮ ಮನೆಯಲ್ಲಿಯೂ ಹೇಳಿದವರಿಲ್ಲವೆಂದು ಅವರಿಗೆ ಆಗ ಹೊಳೆಯಿತು.

ಆ ರಾತ್ರಿ ಊಟವಾದ ಮೇಲೆ ಅವರು ಹೇಳಿದರು. ತಂದೆಯು ಹದಿನೈದನೆಯ ವಯಸ್ಸಿಗೆ ಬಸ್ಸು ಹತ್ತಿದುದು, ಮೊದಲ ಎರಡು ವರ್ಷ ಲೋಟ ತೊಳೆದುದು, ಮನೆಯ ಸಾಲ ತೀರಿಸಿ ತಂಗಿಯಂದಿರ ಮದುವೆ ಮಾಡಿಸಿದುದು. ಓದಬೇಕೆಂಬ ಆಸೆಯಿದ್ದ ಮಗನನ್ನು ಹಾಗೆ ಕಳುಹಿಸಿದವರು ತಾವೇ ಎಂಬುದನ್ನೂ ಮುಚ್ಚಿಡಲಿಲ್ಲ. “ತಪ್ಪ್ ನಂದೂ ಇತ್ತ್ ಮಗಾ” ಎಂದರು. ಹುಡುಗನು ಏನೂ ಹೇಳದೆ ಮಲಗಲು ಹೋದನು.

ವರ್ಷಗಳ ಹಿಂದೆಯೇ ಹರಕೆ ಹೊತ್ತು ಗೊತ್ತುಮಾಡಿದ್ದ ಆಟವು ಆ ಬೇಸಗೆಯಲ್ಲಿ ಬಂದಿತು. ತಂದೆಯು ಬೆಂಗಳೂರಿನಿಂದ ಹೊರಟುಬರುವಾಗ ತಡವಾಗಿ, ಚೆಂಡೆಯ ಪೆಟ್ಟು ಕೇಳಿಸುತ್ತಿರುವಂತೆಯೇ ಗದ್ದೆಗೆ ಬಂದು ಮಗನ ಪಕ್ಕದಲ್ಲಿ ಕುಳಿತನು. ದಣಿದಿದ್ದುದರಿಂದ ಕುಳಿತಲ್ಲಿಯೇ ನಿದ್ರೆ ಹೋದನು. ಹುಡುಗನು ಬಹಳ ಹೊತ್ತು ಆ ಮುಖವನ್ನೇ ನೋಡುತ್ತಿದ್ದನು. ಬಭ್ರುವಾಹನನ ಪ್ರವೇಶವಾಗುವಾಗ ಭುಜವನ್ನು ಮೆಲ್ಲನೆ ಅಲುಗಿಸಿ, “ಅಪ್ಪಯ್ಯಾ, ಏಳಿ, ವೇಷ ಬಂತ್” ಎಂದನು.

ಅಜ್ಜನು ಇದನ್ನು ಹಿಂದಿನ ಸಾಲಿನಿಂದ ಕಂಡನು. ಹುಡುಗನ ಕೋಪವೆಲ್ಲ ಅಂದೇ ಇಳಿಯಿತೆಂದಲ್ಲ. ನಾಲ್ಕು ದಿನಗಳ ಬಳಿಕ ತಂದೆಯು ಮತ್ತೆ ಹೊರಟನು, ಮನೆಯು ಮತ್ತೆ ಹಾಗೆಯೇ ಆಯಿತು. ಆದರೆ ದೂರವಾಣಿಯ ಕರೆ ಬಂದಾಗ ಹುಡುಗನು ಎದ್ದುಹೋಗುತ್ತಿರಲಿಲ್ಲ. ಮನೆಯನ್ನೋ ಊರನ್ನೋ ಕಾಯಲು ಹೊರಟವನು ಮಕ್ಕಳಿಂದ ದೂರವಾಗುವುದು ಅನೇಕ ವೇಳೆ ಅನಿವಾರ್ಯ. ಅವನ ಹೆಸರನ್ನೂ ಹೊರೆಯನ್ನೂ ಮಕ್ಕಳಿಗೆ ತಿಳಿಯಹೇಳುವುದು ಮಾತ್ರ ಉಳಿದವರ ಕೆಲಸ. ಅದು ತಪ್ಪಿದಲ್ಲಿ ವೀರನ ಮಗನೂ ಅನಾಥನಂತೆಯೇ ಬೆಳೆಯುವನು.