ಅಶ್ರುತ

ಇಂಗ್ಲಿಷಿನ ‘ಅನ್‌ಹರ್ಡ್’ ಎಂಬ ವಿಶೇಷಣವು ನೋಟಕ್ಕೆ ಸರಳವಾದುದು. ಅದನ್ನು ಕನ್ನಡಕ್ಕೆ ತರಹೊರಟ ವಿದ್ಯಾರ್ಥಿಯಾದರೋ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ‘ಶ್ರು’ ಧಾತುವಿನಿಂದಾದ ‘ಶ್ರುತ’ಕ್ಕೆ ನಿಷೇಧದ ಅಕಾರ ಸೇರಿ ‘ಅಶ್ರುತ’ವಾಗುವುದು ನಿಜ. ಹಿಂದೆಂದೂ ಕೇಳರಿಯದುದು ‘ಅಶ್ರುತಪೂರ್ವ’. ಇಂಗ್ಲಿಷರು ಇದನ್ನು ‘ಅನ್‌ಹರ್ಡ್ ಆಫ್’ ಎನ್ನುವರು. ಕಿವಿಗೆ ನಿಲುಕದ ಧ್ವನಿಗೆ ಅವರಲ್ಲಿ ‘ಇನಾಡಿಬಲ್’ ಎಂಬ ಬೇರೊಂದು ಪದವುಂಟು. ಅದನ್ನು ‘ಅಶ್ರಾವ್ಯ’ವೆಂದು ಬರೆದರೆ ಕನ್ನಡಿಗನು ಕೇಳಬಾರದ ಹೊಲಸು ಮಾತೆಂದೇ ತಿಳಿದಾನು.

ಕನ್ನಡದ ‘ಕೇಳು’ ಧಾತುವಿನ ಸಂಪತ್ತು ದೊಡ್ಡದು. ಆಲಿಸುವುದು, ಪ್ರಶ್ನಿಸುವುದು, ಬೇಡುವುದು, ಹೇಳಿದಂತೆ ನಡೆಯುವುದು ಇವೆಲ್ಲವೂ ಅದರಲ್ಲಿ ಅಡಗಿವೆ. ‘ಯಾರಿಗೂ ಕೇಳಿಸದ ಕೂಗು’ ಎಂದಾಗ ಚತುರ್ಥೀ ವಿಭಕ್ತಿ ಬಂದು, ದೋಷವು ದೂರಕ್ಕೋ ಗಾಳಿಗೋ ಸಲ್ಲುತ್ತದೆ. ‘ಯಾರೂ ಕೇಳದ ಕೂಗು’ ಎಂದಾಗ ಪ್ರಥಮೆಯು ಕರ್ತೃವನ್ನು ಮುಂದೆ ನಿಲ್ಲಿಸುತ್ತದೆ, ದೋಷವು ಕಿವಿಗೊಡದವನದು. ಇಂಗ್ಲಿಷ್ ಪದವು ಈ ಕರ್ತೃವನ್ನು ಮರೆಮಾಡುತ್ತದೆ. ಆದುದರಿಂದ ಅನುವಾದಕನು ಸಂದರ್ಭವನ್ನರಿತು, ತಪ್ಪು ಯಾರದೆಂದು ನಿರ್ಧರಿಸಿಯೇ ಲೇಖನಿ ಹಿಡಿಯಬೇಕು.

ಮದಕರಿಪುರದ ಮಕ್ಕಳಿಗೆ ಇದರ ದೃಷ್ಟಾಂತವು ಸಮೀಪದ ದುರ್ಗದ ಕೋಟೆಯಲ್ಲಿಯೇ ಇದೆ. ಹೈದರನ ಸೈನಿಕರು ಯಾರಿಗೂ ಕೇಳಿಸದಂತೆ ಕಿಂಡಿಯಲ್ಲಿ ನುಸುಳಿದರು. ನೀರಿಗೆ ಬಂದ ಓಬವ್ವ ಆ ಪಿಸುದನಿಯನ್ನು ಕೇಳಿ ಒನಕೆಯೆತ್ತಿದಳೆಂದು ಜನ ಇಂದಿಗೂ ಹೇಳುತ್ತಾರೆ. ಕೇಳಿಸದಿರಲೆಂದು ಬಂದವರನ್ನೂ ಆಲಿಸುವ ಕಿವಿಯು ಬಿಡಲಿಲ್ಲ.

ಇದಕ್ಕೆ ವಿಪರೀತವಾದುದು ವಚನಗಳ ಕಥೆ. ವಚನವೆಂದರೆ ಆಡಿದ ಮಾತು. ಆ ಮಾತಿನ ಎಷ್ಟೋ ತಾಳೆಗರಿಗಳು ದೇವರ ಜಗಲಿಯ ಮೇಲೆ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಉಳಿದಿದ್ದವು. ಪೂಜೆಯುಂಟು, ಶ್ರವಣವಿಲ್ಲ! ಡಾ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. ವಚನಗಳು ಮೂಕವಾಗಿರಲಿಲ್ಲ, ಕೇಳುವವರು ಬೇಕಾಗಿದ್ದರು.

ತರಗತಿಯ ಕೊನೆಯ ಸಾಲಿನಲ್ಲಿ ಕುಳಿತು ಏನನ್ನೂ ಕೇಳದ ಬಾಲಕನನ್ನು ಮಂದಮತಿಯೆಂದು ಗುಂಪಿಗೆ ಸೇರಿಸಿಬಿಡುವುದು ಸುಲಭ. ಅವನು ಕೇಳಲಿಲ್ಲವೋ, ಅವನ ಮಾತನ್ನು ಯಾರೂ ಕೇಳಲಿಲ್ಲವೋ ಎಂಬುದನ್ನು ಮೊದಲು ವಿಚಾರಿಸಬೇಕು. ನಮ್ಮ ಹಿರಿಯರು ವಿದ್ವಾಂಸನನ್ನು ‘ಬಹುಶ್ರುತ’ನೆಂದರು, ಬಹಳ ಕೇಳಿದವನೆಂದರು; ಬಹಳ ಹೇಳಿದವನೆನ್ನಲಿಲ್ಲ. ಅಧ್ಯಾಪಕನಾದವನು ಮಗುವೊಂದರ ತೊದಲನ್ನೂ ಕಿವಿಗೊಟ್ಟು ಕೇಳಿದ ದಿನ ಆ ಬಿರುದಿಗೆ ಅರ್ಹನಾಗುತ್ತಾನೆ. ಶಾಲೆಯೊಳಗೆ ಅಶ್ರುತವಾದ ದನಿಯೊಂದೂ ಉಳಿಯದಿರಲಿ.