ದೋಣಿಯ ರಂಧ್ರ, ಗುರುವಿನ ಕಿವಿ

ದೇವ, ಶಾಸ್ತ್ರ, ಗುರು ಎಂಬ ಮೂರನ್ನೂ ಜೈನ ಶ್ರಾವಕನು ಒಟ್ಟಿಗೆ ಪೂಜಿಸುತ್ತಾನೆ. ಶಾಸ್ತ್ರವೇ ಕೈಯಲ್ಲಿರುವಾಗ ಗುರುವನ್ನು ಬೇರೆಯಾಗಿ ಹೇಳುವುದೇಕೆ ಎಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಆಗಮಗಳ ಆಧಾರದಿಂದ ಇದಕ್ಕೆ ಉತ್ತರ ಹೇಳುವುದು ವಾಡಿಕೆ. ಈಚಿನ ಎರಡು ವರ್ಷಗಳಲ್ಲಿ ನನಗೆ ಮತ್ತೊಂದು ಉತ್ತರವೂ ದೊರಕಿದೆ. ಅದು ಬಂದದ್ದು ಯಾವ ಗ್ರಂಥಭಂಡಾರದಿಂದಲೂ ಅಲ್ಲ, ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯಲ್ಲಿ ದೋಣಿಗಳನ್ನು ದಡಕ್ಕೆತ್ತಿ ನಿಲ್ಲಿಸುವ ಒಂದು ಅಂಗಳದಿಂದ.

ನನ್ನ ತಂಗಿಯ ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಮೂಡುಬಿದಿರೆಯ ಸಮೀಪ ಬೆಳೆದವನಾದರೂ ಕಡಲನ್ನು ದಡದಿಂದ ಕಂಡವನೇ ಹೊರತು ಹಾಯಿಯ ಹಗ್ಗ ಹಿಡಿದವನಲ್ಲ. ಅವನು 1970ರ ದಶಕದಲ್ಲಿ ಕಟ್ಟಿದ, 27 ಅಡಿ ಉದ್ದದ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಅಗ್ಗಕ್ಕೆ ಕೊಂಡನು. ಹಳೆಯ ದೋಣಿಯನ್ನು ಕೊಳ್ಳುವುದು ಸುಲಭ, ಉಳಿಸಿಕೊಳ್ಳುವುದು ಕಠಿಣ. ಕೆಲವೇ ದಿನಗಳಲ್ಲಿ ಅದರ ಡೆಕ್ಕು ಕಾಲಡಿಯಲ್ಲಿ ಮೆತ್ತಗೆ ತಗ್ಗುವುದು ತಿಳಿಯಿತು. ದುರಸ್ತಿಗೆ ಹೇಳಿದ ಮೊತ್ತ ಕೊಂಡ ಬೆಲೆಯ ಮೂರು ಪಟ್ಟು. ಬಲ್ಲವರೊಬ್ಬರು ನೋಡಿ ಸರಿಯಿದೆ ಎನ್ನುವವರೆಗೆ ಮಕ್ಕಳು ಆ ದೋಣಿಯಲ್ಲಿ ಕಾಲಿಡಕೂಡದೆಂದು ಅವನ ಹೆಂಡತಿ ನಿಷ್ಠುರವಾಗಿ ಹೇಳಿದಳು. ಅದು ನ್ಯಾಯವಾದ ಮಾತೇ ಆಗಿತ್ತು.

ಅವನು ಪುಸ್ತಕಗಳನ್ನು ತರಿಸಿದ, ಚಲನಚಿತ್ರಗಳನ್ನು ನೋಡಿದ. ಒಂದು ಪುಸ್ತಕ ಡೆಕ್ಕನ್ನು ಕತ್ತರಿಸಿ ತೆಗೆಯೆಂದರೆ, ಇನ್ನೊಂದು ತೂತು ಕೊರೆದು ಎಪಾಕ್ಸಿ ಅಂಟನ್ನು ಸುರಿಯೆನ್ನುತ್ತಿತ್ತು. “ಮಾವ, ಓದಿದಷ್ಟೂ ಹೆದರಿಕೆ ಹೆಚ್ಚುತ್ತಿದೆ” ಎಂದು ಒಮ್ಮೆ ದೂರವಾಣಿಯಲ್ಲಿ ಹೇಳಿದನು.

ಆ ಮಾತು ನನಗೆ ಭೋಜನ ಹೆಸರಿನಲ್ಲಿ ಪ್ರಚಲಿತವಾಗಿರುವ ‘ಯುಕ್ತಿಕಲ್ಪತರು’ವನ್ನು ನೆನಪಿಗೆ ತಂದಿತು. ರಾಧಾಕುಮುದ ಮುಖರ್ಜಿಯವರು 1912ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಇತಿಹಾಸದಲ್ಲಿ ಈ ಗ್ರಂಥವನ್ನು ವಿಶೇಷವಾಗಿ ಬಳಸಿಕೊಂಡಿದ್ದಾರೆ. ಅದರಲ್ಲಿ ಮರಗಳ ವರ್ಗೀಕರಣವಿದೆ, ದೋಣಿಗಳ ಅಳತೆಗಳಿವೆ. ಕಡಲಿಗಿಳಿಯುವ ಹಡಗಿನ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದೆಂಬ ಎಚ್ಚರಿಕೆಯೂ ಇದೆ. ನಮ್ಮ ಪಶ್ಚಿಮ ತೀರದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುವ ಪದ್ಧತಿ ಬಹುಕಾಲ ನಡೆದುಬಂದಿತು. ಆದರೆ ಹುರಿಯನ್ನು ಎಷ್ಟು ಬಿಗಿದರೆ ಹಲಗೆ ಸೀಳದೆ, ನೀರೂ ನುಸುಳದೆ ಇರುತ್ತದೆ ಎಂಬುದನ್ನು ಯಾವ ಶ್ಲೋಕ ಹೇಳೀತು? ಆ ಬಿಗುವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಮಾತ್ರ ದಾಟುವಂಥದು.

ಬಲ್ಲವನಿಗೂ ನೆರೆಯವರ ಕಣ್ಣು ಒದಗಿಬರುತ್ತದೆ. ಅದೇ ಮ್ಯಾಸಚೂಸೆಟ್ಸಿನ ಫೇರ್‌ಹೇವನ್ನಿನಲ್ಲಿ 1892ರಲ್ಲಿ ಜೋಶುವಾ ಸ್ಲೋಕಮ್ ಎಂಬ ಅನುಭವಿ ನಾವಿಕನಿಗೆ ಕ್ಯಾಪ್ಟನ್ ಎಬೆನ್ ಪಿಯರ್ಸ್ ‘ಸ್ಪ್ರೇ’ ಎಂಬ ಶಿಥಿಲವಾದ ಹಾಯಿದೋಣಿಯನ್ನು ಕೊಟ್ಟನು. ಸ್ಲೋಕಮ್ ಅದನ್ನು 13 ತಿಂಗಳ ದುಡಿಮೆಯಿಂದ, 553 ಡಾಲರ್ 62 ಸೆಂಟ್ ವೆಚ್ಚದಲ್ಲಿ ಹೊಸತಾಗಿ ಕಟ್ಟಿದನು. ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದ ಮುದಿ ಕ್ಯಾಪ್ಟನ್ನರು ಬಂದು ನಿಂತು, ಅವನ ಕೆಲಸವನ್ನು ನೋಡಿ, ತಮ್ಮ ಅಭಿಪ್ರಾಯ ಹೇಳಿ ಹೋಗುತ್ತಿದ್ದುದನ್ನು ಅವನೇ ಬರೆದಿದ್ದಾನೆ. ಆ ದೋಣಿಯಲ್ಲಿ ಅವನು 1895ರಿಂದ 1898ರವರೆಗೆ ಏಕಾಂಗಿಯಾಗಿ ಭೂಮಂಡಲವನ್ನು ಸುತ್ತಿಬಂದನು. ಪ್ರಯಾಣ ಏಕಾಂಗಿಯದು, ದೋಣಿ ಸಿದ್ಧವಾದದ್ದು ಮಾತ್ರ ಹಲವರ ಕಣ್ಣೆದುರಿನಲ್ಲಿ.

ನನ್ನ ಸೋದರಳಿಯ ಮೊದಲು ಅಂಗಳದ ಮೂರು ನಾಲ್ಕು ಮಂದಿಯನ್ನು “ನನಗೆ ಕಲಿಸುವಿರಾ?” ಎಂದು ಕೇಳಿದ್ದನಂತೆ. ಎಲ್ಲರೂ ಸೌಜನ್ಯದಿಂದ ನಕ್ಕರು, ಯಾರೂ ಮುಂದೆ ಬರಲಿಲ್ಲ. ಅಂಥ ಪ್ರಶ್ನೆಗೆ ಹೌದೆಂದರೆ ಹೊರಬೇಕಾದ ಹೊರೆ ಎಷ್ಟೆಂದು ಕೇಳಿಸಿಕೊಂಡವನಿಗೆ ತಿಳಿಯುವುದಿಲ್ಲ. ಒಂದು ದಿನ ಅವನು ಡೆಕ್ಕಿನ ಕಂಬಿಯ ಬೋಲ್ಟೊಂದನ್ನು ಬಿಚ್ಚಿದನು. ತೂತಿನಿಂದ ಒದ್ದೆಯಾದ ಕಂದು ಪುಡಿ ಹೊರಬಿತ್ತು. ಅದನ್ನು ಕಾಗದದಲ್ಲಿ ಹಿಡಿದು, ಪಕ್ಕದಲ್ಲಿ ತಮ್ಮ ಮರದ ದೋಣಿಗೆ ಬಣ್ಣ ಬಳಿಯುತ್ತಿದ್ದ ಎಂಬತ್ತು ದಾಟಿದ ನಿವೃತ್ತ ಬಡಗಿಯೊಬ್ಬರ ಬಳಿಗೆ ಹೋಗಿ, “ಇದು ಈ ತೂತಿನಿಂದ ಬಂತು, ಕೊಳೆತ ಮರವೇ?” ಎಂದು ಕೇಳಿದನು. ಅವರು ಕುಂಚವನ್ನು ಕೆಳಗಿಟ್ಟು ಎದ್ದುಬಂದರು. ಸಂಬಂಧ ಆರಂಭವಾದದ್ದು ಅಲ್ಲಿಂದ.

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಅವರ ಬೋಧನಕ್ರಮವನ್ನು ಕಣ್ಣಾರೆ ಕಂಡೆನು. ಇಂಥ ಡೆಕ್ಕಿನಲ್ಲಿ ಫೈಬರ್‌ಗ್ಲಾಸಿನ ಎರಡು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವಿರುತ್ತದೆ. ಬೋಲ್ಟಿನ ಸುತ್ತಣ ಅಂಟು ಸಡಿಲಗೊಂಡರೆ ನೀರು ಒಳಗಿಳಿದು, ಮೇಲ್ಮೈ ನಯವಾಗಿ ಕಾಣುತ್ತಿರುವಾಗಲೇ ನಡುವಿನ ಮರ ಕೊಳೆಯುತ್ತದೆ. ವೃದ್ಧರು ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತ ಹೋದರು. ಗಟ್ಟಿಯಿದ್ದೆಡೆ ಚುರುಕಾದ ಸದ್ದು, ಕೊಳೆತಲ್ಲಿ ಮಂಕಾದ ಸದ್ದು. ಆಮೇಲೆ ಶಿಷ್ಯನ ಕಣ್ಣು ಮುಚ್ಚಿಸಿ ತಟ್ಟಿಸಿದರು. ಸದ್ದು ಬದಲಾದಲ್ಲಿ ಅವನೇ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಕೆಟ್ಟ ಭಾಗ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಕಡಿಮೆಯಿತ್ತು. “ನಿಮ್ಮ ಹುಡುಗನ ಕಿವಿ ಪಳಗುತ್ತಿದೆ, ಕೈಗೆ ಇನ್ನೂ ಅವಸರ” ಎಂದು ಅವರು ನನಗೆ ಹೇಳಿದರು.

ಅವರ ನಿಯಮಗಳು ಕೆಲವೇ. ಕೆಲಸ ಶಿಷ್ಯನ ಕೈಯಿಂದಲೇ ಆಗಬೇಕು, ತಾವು ಉಪಕರಣ ಮುಟ್ಟುವುದಿಲ್ಲ. ಹಾಸಿಗೆ, ಬಣ್ಣ, ಹೊಳಪುಗಳೆಲ್ಲ ಕೊನೆಗೆ, ನೀರು ಬರುವ ದಾರಿಗಳನ್ನು ಮುಚ್ಚುವುದು ಮೊದಲು. ಬೋಲ್ಟಿನ ತೂತನ್ನು ಅಗಲಗೊಳಿಸಿ, ಎಪಾಕ್ಸಿಯನ್ನು ತುಂಬಿ, ಅದು ಗಟ್ಟಿಯಾದ ಮೇಲೆ ಅದರ ನಡುವೆಯೇ ಹೊಸ ತೂತು ಕೊರೆಯಬೇಕು. ಆಗ ನೀರು ನುಸುಳಿದರೂ ಮರವನ್ನು ಮುಟ್ಟದು. ದೋಣಿಯ ತಳದಲ್ಲಿರುವ ಒಂದೊಂದು ಕವಾಟಕ್ಕೂ ಒಂದೊಂದು ಮರದ ಬಿರಡೆಯನ್ನು ದಾರದಿಂದ ಕಟ್ಟಿರಬೇಕು. ದೊಡ್ಡ ಪಂಪನ್ನು ಕೊಳ್ಳುವೆನೆಂದಾಗ ಅವರು ಒಪ್ಪಲಿಲ್ಲ. ಮೊದಲು ತೂತು ಮುಚ್ಚು, ಪಂಪಿನ ಮಾತು ಆಮೇಲೆ ಎಂದರು. ಕೂವೆಕಂಬದ ತಂತಿಗಳ ವಿಷಯ ಬಂದಾಗ, “ಇದು ನನ್ನ ವಿದ್ಯೆಯಲ್ಲ, ಅದನ್ನು ಬಲ್ಲವನನ್ನು ಕರೆಸು” ಎಂದು ಹಿಂದೆ ಸರಿದರು. ತನ್ನ ವಿದ್ಯೆಯ ಎಲ್ಲೆಯನ್ನು ಹೇಳಿಕೊಳ್ಳುವುದು ಗುರುವಿನ ಪ್ರಧಾನ ಲಕ್ಷಣಗಳಲ್ಲೊಂದೆಂದು ನನಗೆ ಆಗ ಅನಿಸಿತು.

ಜೈನ ತತ್ತ್ವವನ್ನು ಓದಿದವರಿಗೆ ಈ ಕ್ರಮ ಅಪರಿಚಿತವಲ್ಲ. ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಸಂವರಾನುಪ್ರೇಕ್ಷೆಯನ್ನು ವಿವರಿಸುವಾಗ ದೋಣಿಯ ದೃಷ್ಟಾಂತವನ್ನೇ ಕೊಡುತ್ತಾರೆ. ಮಹಾಸಾಗರದಲ್ಲಿ ದೋಣಿಯ ರಂಧ್ರವನ್ನು ಮುಚ್ಚದಿದ್ದರೆ ನೀರು ಕ್ರಮಕ್ರಮವಾಗಿ ತುಂಬಿ, ಅದನ್ನು ಆಶ್ರಯಿಸಿದವರು ನಾಶವಾಗುತ್ತಾರೆ. ಮುಚ್ಚಿದರೆ ನಿರುಪದ್ರವವಾಗಿ ಬಯಸಿದೆಡೆಗೆ ಸೇರುತ್ತಾರೆ. ಇಲ್ಲಿ ‘ಕ್ರಮಕ್ರಮವಾಗಿ’ ಎಂಬ ಮಾತನ್ನು ಗಮನಿಸಬೇಕು. ಅಪಾಯ ಒಮ್ಮೆಲೇ ಬರುವಂಥದಲ್ಲ, ಮೇಲ್ಮೈ ನಯವಾಗಿರುವಾಗಲೇ ಒಳಗೆ ಬೆಳೆಯುವಂಥದು. ಏಳು ತತ್ತ್ವಗಳಲ್ಲಿ ಸಂವರವು ನಿರ್ಜರೆಗಿಂತ ಮೊದಲು ಬರುತ್ತದೆ. ಬಿರಡೆ ಮೊದಲು, ಪಂಪು ಆಮೇಲೆ.

ಇದಕ್ಕಿಂತ ನಿಕಟವಾದ ಹೋಲಿಕೆ ಆಲೋಚನೆಯದು. ಇಲ್ಲಿ ಆ ಪದಕ್ಕೆ ಚಿಂತನೆ ಎಂಬ ಅರ್ಥವಲ್ಲ, ತನ್ನ ದೋಷವನ್ನು ಗುರುವಿಗೆ ನಿವೇದಿಸುವುದೆಂಬ ಪಾರಿಭಾಷಿಕ ಅರ್ಥ. ಶಿವಾರ್ಯನ ಭಗವತೀ ಆರಾಧನೆಯಲ್ಲಿ ಆಲೋಚನೆಯ ಹತ್ತು ದೋಷಗಳ ವಿವೇಚನೆಯಿದೆ. ಸಣ್ಣ ತಪ್ಪುಗಳನ್ನು ಮರೆಮಾಚಿ ದೊಡ್ಡವನ್ನಷ್ಟೇ ಹೇಳುವುದು ಬಾದರ, ದೊಡ್ಡವನ್ನು ಮುಚ್ಚಿ ಸಣ್ಣವನ್ನೇ ಹೇಳುವುದು ಸೂಕ್ಷ್ಮ. ಗುರು ಹೇಳಿದ್ದರಲ್ಲಿ ಶಂಕೆ ತಳೆದು ಬೇರೆ ಬೇರೆಯವರನ್ನು ಕೇಳುತ್ತ ತಿರುಗುವುದು ಬಹುಜನ. ಅರಿವು ಬಲಿಯದವನ ಮುಂದೆ ಹೇಳುವುದು ಅವ್ಯಕ್ತ. ತನ್ನಂಥದೇ ದೋಷವುಳ್ಳವನಿಗೆ ಹೇಳಿ ಹಗುರಾಗುವುದು ತತ್ಸೇವಿ. ಮುನಿಯ ಪ್ರಾಯಶ್ಚಿತ್ತವೂ ದೋಣಿಯ ದುರಸ್ತಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ಆತ್ಮಶುದ್ಧಿಯ ಮಾರ್ಗ, ಇನ್ನೊಂದು ಲೌಕಿಕ ಕಸುಬು. ಆದರೆ ಕಲಿಯುವವನು ಎಲ್ಲೆಲ್ಲಿ ಜಾರುತ್ತಾನೆಂಬ ಮನೋಜ್ಞಾನ ಎರಡಕ್ಕೂ ಸಮಾನ. ಮೆತ್ತಗಾದ ಡೆಕ್ಕನ್ನು ಬಚ್ಚಿಟ್ಟು ಬಣ್ಣದ ವಿಷಯ ಕೇಳುವವನೂ, ಹಿತವಾದ ಉತ್ತರ ಸಿಗುವವರೆಗೆ ಊರೆಲ್ಲ ವಿಚಾರಿಸುವವನೂ ಈ ಪಟ್ಟಿಯಲ್ಲಿ ಆಗಲೇ ಇದ್ದಾರೆ.

ಸಲ್ಲೇಖನವನ್ನು ಕೈಗೊಂಡವನಿಗೆ ಆಸರೆಯಾಗುವ ಆಚಾರ್ಯನನ್ನು ಅದೇ ಗ್ರಂಥ ನಿರ್ಯಾಪಕನೆನ್ನುತ್ತದೆ. ಸಾಧನೆ ಕ್ಷಪಕನದೇ, ಆಚಾರ್ಯನು ಅವನ ಪರವಾಗಿ ಒಂದು ಹೆಜ್ಜೆಯನ್ನೂ ಇಡಲಾರನು. ಅವನು ಕೇಳುತ್ತಾನೆ, ಎಚ್ಚರಿಸುತ್ತಾನೆ, ಸಮೀಪದಲ್ಲಿರುತ್ತಾನೆ. ಉಪಕರಣ ಮುಟ್ಟದ ಆ ಬಡಗಿಯನ್ನು ನೋಡುತ್ತ ನನಗೆ ಈ ಪದ ಇನ್ನಷ್ಟು ತಿಳಿಯಾಯಿತು.

ಸಂಶೋಧನ ವಿದ್ಯಾರ್ಥಿಗಳು ನನ್ನಲ್ಲಿಗೆ ಬಂದು “ಹಳಗನ್ನಡ ತಾಳೆಗರಿ ಓದಲು ಮಾರ್ಗದರ್ಶನ ಮಾಡಿ” ಎಂದು ಕೇಳುತ್ತಾರೆ. ಪ್ರಾಮಾಣಿಕವಾದ ಬೇಡಿಕೆಯೇ, ಆದರೆ ಎಲ್ಲಿಂದ ತೊಡಗಬೇಕೆಂದು ನನಗೂ ತೋಚುವುದಿಲ್ಲ. ಓದಲು ಪ್ರಯತ್ನಿಸಿ ಸೋತ ಒಂದು ಗರಿಯ ಪ್ರತಿಯನ್ನು ತಂದು, “ಈ ಸಾಲಿನ ಈ ಮೂರು ಅಕ್ಷರ ಬಿಡಿಸಲಾಗಲಿಲ್ಲ” ಎಂದರೆ ಪಾಠ ಆಗಲೇ ಆರಂಭವಾಗಿರುತ್ತದೆ. ಗ್ರಂಥವನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿರೆಂದು ಹಿಂದಿನ ಲಿಪಿಕಾರರು ಓಲೆಯ ಕೊನೆಯಲ್ಲಿ ಬೇಡಿಕೊಳ್ಳುತ್ತಿದ್ದರು. ಆ ಓಲೆಗಳನ್ನು ಬಿಚ್ಚಿ ಓದಬಲ್ಲ ಹಿರಿಯರು ಈಗ ಬೆರಳೆಣಿಕೆಯಷ್ಟು, ಅವರ ವಯಸ್ಸೂ ಆ ಬಡಗಿಯ ವಯಸ್ಸೇ. ಚಳಿಗಾಲದ ನಂತರ ಅವರು ಅಂಗಳಕ್ಕೆ ಬರುವುದು ಅಪರೂಪವಾಗಿದೆ ಎಂದು ಸೋದರಳಿಯ ತಿಳಿಸಿದ್ದಾನೆ. ಡೆಕ್ಕಿನ ಎಡಭಾಗ ಮುಗಿದಿದೆಯಂತೆ. ಬಲಭಾಗವನ್ನು ಅವನು ಒಬ್ಬನೇ ತಟ್ಟಿ, ಗೆರೆ ಎಳೆದು, ಅವರಿಗೆ ತೋರಿಸಲು ಚಿತ್ರ ತೆಗೆದಿಟ್ಟಿದ್ದಾನೆ. ನಿಮ್ಮ ಬಳಿಯೂ ಓದಲಾಗದ ಗರಿಯೊಂದಿದ್ದರೆ ತಡಮಾಡದೆ ಕೊಂಡೊಯ್ಯಿರಿ.