ಪಾಪ ಪಾಂಡು: ಒಂದು ತಿದ್ದುಪಡಿ

ತಂದೆಯವರನ್ನು ಕುರಿತು ಬರೆದ ನೆನಪಿನ ಲೇಖನವೊಂದರ ಕರಡು ಎರಡು ತಿಂಗಳಿಂದ ನನ್ನ ಮೇಜಿನ ಮೇಲೆ ಬಿದ್ದಿತ್ತು. ಅದರಲ್ಲಿ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗವಿದೆ. ದಟ್ಟಗಳ್ಳಿಯ ನಮ್ಮ ಮನೆಯ ಮುಂಗೋಣೆಯಲ್ಲಿ, ಕಿಟಕಿಯ ಬದಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ತಂದೆಯವರು ‘ಪಾಪ ಪಾಂಡು’ ಧಾರಾವಾಹಿಯನ್ನು ನೋಡಿ ನಗುತ್ತಿದ್ದಾರೆ. ಅಡುಗೆಮನೆಯಿಂದ ಬಂದ ತಾಯಿ, ಹೆಂಡತಿಯ ಕೈಯಲ್ಲಿ ಏಟು ತಿನ್ನುತ್ತಿರುವ ಪಾಂಡುವನ್ನು ಕಂಡು ‘ಪಾಪ!’ ಎನ್ನುತ್ತಾರೆ. ತಂದೆಯವರು ನಗು ನಿಲ್ಲಿಸಿ, ‘ಪಾಪವೆಂಬುದು ನವಪದಾರ್ಥಗಳಲ್ಲಿ ಒಂದು, ಅಯ್ಯೋ ಎನ್ನುವುದಕ್ಕೆ ಬದಲಿ ಪದವಲ್ಲ’ ಎಂದು ತಿದ್ದುತ್ತಾರೆ. ಶಬ್ದಾರ್ಥ ವಿಚಾರವನ್ನು ಪಾಠ ಮಾಡುವಾಗ ಈ ಪ್ರಸಂಗವನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅದರ ಬೆನ್ನಿಗೇ ನನ್ನದೊಂದು ವ್ಯಾಖ್ಯಾನವನ್ನೂ ಸೇರಿಸುತ್ತಿದ್ದೆ: ಶೀರ್ಷಿಕೆಯಲ್ಲಿರುವ ಪಾಂಡು ಮಹಾಭಾರತದ ಪಾಂಡುವೇ, ಪಾಪವೂ ಅವನ ಪಾಪವೇ ಎಂದು.

ಕರಡನ್ನು ಓದಲು ಕೊಟ್ಟಿದ್ದ ಸಂಶೋಧನ ವಿದ್ಯಾರ್ಥಿನಿಯೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಎರಡು ಪ್ರಶ್ನೆ ಬರೆದು ಹಿಂದಿರುಗಿಸಿದರು. ‘ಧಾರಾವಾಹಿ ಯಾವ ವರ್ಷದ್ದು?’ ‘ಭಾರತದ ಪಾಂಡು ಎಂಬುದಕ್ಕೆ ಆಧಾರ?’ ಶಾಸನಗಳ ಕಾಲನಿರ್ಣಯದಲ್ಲಿ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡವನಿಗೆ, ತನ್ನ ಮನೆಯೊಳಗಿನ ಒಂದು ಸಂಜೆಯ ಕಾಲನಿರ್ಣಯ ಮಾಡಬೇಕೆಂದು ಹೊಳೆದೇ ಇರಲಿಲ್ಲ.

ಮೊದಲನೆಯ ಪ್ರಶ್ನೆಗೆ ಉತ್ತರ ಅರ್ಧ ಗಂಟೆಯಲ್ಲಿ ಸಿಕ್ಕಿತು; ಪ್ರಸಂಗ ಅಲ್ಲಿಯೇ ಕುಸಿಯಿತು. ‘ಪಾಪ ಪಾಂಡು’ ಪ್ರಸಾರವಾದದ್ದು ಈಟಿವಿ ಕನ್ನಡದಲ್ಲಿ. ಆ ವಾಹಿನಿ ಆರಂಭವಾದದ್ದು 2000ದ ಡಿಸೆಂಬರ್ 10ರಂದು. ನನ್ನ ತಂದೆಯವರು ತೀರಿಕೊಂಡದ್ದು 1996ರಲ್ಲಿ. ದಟ್ಟಗಳ್ಳಿಯ ಮನೆಗೆ ನಾವು ಬಂದದ್ದು 2003ರಲ್ಲಿ. ಅಂದರೆ ತಂದೆಯವರು ಆ ಧಾರಾವಾಹಿಯನ್ನು ನೋಡಿಲ್ಲ. ಈ ಮನೆಯ ಹೊಸ್ತಿಲನ್ನೂ ದಾಟಿಲ್ಲ. ಮೂರರಲ್ಲಿ ನಿಜವಾದದ್ದು ಬೆತ್ತದ ಕುರ್ಚಿ ಮಾತ್ರ. ಅದು ಸರಸ್ವತಿಪುರಂನ ಬಾಡಿಗೆ ಮನೆಯಿಂದ ಲಾರಿಯಲ್ಲಿ ನಮ್ಮೊಂದಿಗೆ ಬಂದಿತ್ತು. ಕುರ್ಚಿ ಬಂದದ್ದರಿಂದ ಕುಳಿತವರೂ ಬಂದರೆಂದು ನನ್ನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು.

ಹಾಗಾದರೆ ತಂದೆಯವರು ನಕ್ಕದ್ದು ಯಾವುದನ್ನು ನೋಡಿ? ನಕ್ಕದ್ದಂತೂ ನಿಜ, ಆ ನಗುವಿನ ಸದ್ದು ಇಂದಿಗೂ ಕಿವಿಯಲ್ಲಿದೆ. ಇದಕ್ಕೆ ಉತ್ತರ ‘ಪಾಪ ಪಾಂಡು’ವಿನ ನಿರ್ದೇಶಕರ ಹೆಸರಿನಲ್ಲಿಯೇ ಇತ್ತು. ಅವರು ಸಿಹಿಕಹಿ ಚಂದ್ರು. ‘ಸಿಹಿ ಕಹಿ’ ಎಂಬುದು ಅವರ ಮನೆತನದ ಹೆಸರಲ್ಲ, ಊರಿನ ಹೆಸರೂ ಅಲ್ಲ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಹಾಸ್ಯ ಧಾರಾವಾಹಿಯ ಹೆಸರು ಅದು. ಅದರಲ್ಲಿ ನಟಿಸಿದ ಚಂದ್ರು ಅವರಿಗೆ ಆ ಶೀರ್ಷಿಕೆ ಬಿರುದಿನಂತೆ ಅಂಟಿಕೊಂಡಿತು. ಅವರ ಪತ್ನಿ, ಕಲಾವಿದೆ ಗೀತಾ ಅವರೂ ಸಿಹಿಕಹಿ ಗೀತಾ ಎಂದೇ ಪ್ರಸಿದ್ಧರು. ತಂದೆಯವರು ನೋಡಿ ನಕ್ಕಿದ್ದು ಆ ‘ಸಿಹಿ ಕಹಿ’ಯನ್ನು, ಸರಸ್ವತಿಪುರಂನ ಕಪ್ಪುಬಿಳುಪು ಪೆಟ್ಟಿಗೆಯಲ್ಲಿ. ಮುಂದೆ ಪ್ರತಿ ಸಂಜೆ ‘ಪಾಪ ಪಾಂಡು’ವಿನ ಹೆಸರುಪಟ್ಟಿಯಲ್ಲಿ ‘ಸಿಹಿಕಹಿ’ ಎಂಬ ಪದವನ್ನು ಓದುತ್ತ ಓದುತ್ತ ನಾನು ಒಂದು ನಗುವನ್ನು ಇನ್ನೊಂದು ಧಾರಾವಾಹಿಗೆ ಹೊಲಿದಿದ್ದೆ. ಹಸ್ತಪ್ರತಿಗಳಲ್ಲಿ ಇಂಥ ಲಿಪಿಕಾರದೋಷ ಹೊಸದಲ್ಲ. ಒಂದೇ ಪದ ಎರಡು ಸಾಲುಗಳಲ್ಲಿ ಬಂದರೆ ನಕಲುಗಾರನ ಕಣ್ಣು ಮೊದಲ ಸಾಲಿನಿಂದ ಎರಡನೆಯದಕ್ಕೆ ಜಾರುತ್ತದೆ, ನಡುವಿನದು ಮಾಯವಾಗುತ್ತದೆ. ನನ್ನ ವಿಷಯದಲ್ಲಿ ಮಾಯವಾದದ್ದು ತಂದೆಯವರ ಸಾವು.

ಇಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಪಕ್ಕದ ಮಾತು. ಕನ್ನಡ ಛಂದಸ್ಸಿನಲ್ಲಿ ಪ್ರಾಸವೆಂದರೆ ಎರಡನೆಯ ಅಕ್ಷರದ ಹೊಂದಾಣಿಕೆ. ಮೊದಲಕ್ಷರಗಳು ಎರಡೂ ಹ್ರಸ್ವವಾಗಿಯೋ ಎರಡೂ ದೀರ್ಘವಾಗಿಯೋ ಇರಬೇಕು. ಈ ಲಕ್ಷಣದ ಪ್ರಕಾರ ‘ಸಿಹಿ ಕಹಿ’ ಶುದ್ಧ ಪ್ರಾಸ. ವಿಜಯಪ್ರಸಾದ್ ಅವರ ‘ಸಿಲ್ಲಿ ಲಲ್ಲಿ’ಯೂ ಶುದ್ಧ ಪ್ರಾಸವೇ, ಮೊದಲ ಪದ ಇಂಗ್ಲಿಷಿನದಾದರೂ. ಆದರೆ ‘ಪಾಪ ಪಾಂಡು’ ಪ್ರಾಸವಲ್ಲ, ಆದ್ಯಕ್ಷರದ ಅನುಪ್ರಾಸ. ರಮೇಶ್ ಭಟ್ ಅವರ ‘ಕ್ರೇಜಿ ಕರ್ನಲ್’ ಕೂಡ ಹಾಗೆಯೇ. ನಾಗವರ್ಮನನ್ನು ಓದದೆಯೂ ಕಿವಿ ಈ ಎರಡು ದಾರಿಗಳಲ್ಲಿಯೂ ನಡೆಯುತ್ತದೆ.

ಎರಡನೆಯ ಪ್ರಶ್ನೆಗೆ ಹೆಚ್ಚು ದಿನ ಹಿಡಿಯಿತು. ನನ್ನ ವ್ಯಾಖ್ಯಾನ ಆಕರ್ಷಕವಾಗಿತ್ತೆಂಬುದನ್ನು ಒಪ್ಪಬೇಕು. ಭಾರತದ ಪಾಂಡು ಜಿಂಕೆಯ ರೂಪದಲ್ಲಿ ಕೂಡಿದ್ದ ಋಷಿಯನ್ನು ಬೇಟೆಯಾಡಿ ಶಾಪ ಪಡೆದವನು. ಹೆಂಡತಿಯನ್ನು ಕೂಡಿದರೆ ಸಾವು ಎಂಬ ಶಾಪ ಅದು. ಪಾಪ ಮಾಡಿದವನೂ ಅವನೇ, ಪಾಪ ಎನಿಸಿಕೊಳ್ಳುವವನೂ ಅವನೇ. ಹೆಂಡತಿಯ ಹತ್ತಿರ ಸುಳಿದರೆ ಏಟು ಎಂಬ ಧಾರಾವಾಹಿಯ ಸ್ಥಿತಿಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ! ಚೆನ್ನಾಗಿ ಹೊಂದುವುದೇ ಇದರ ದೋಷ. ಹೊಂದಿಕೆಯನ್ನು ಆಧಾರವೆಂದು ಎಣಿಸಿದ್ದೆ.

ನಮ್ಮ ಕಡೆ ಪಾಂಡು ಎಂದು ಕರೆಸಿಕೊಳ್ಳುವವರನ್ನು ಎಣಿಸಿ ನೋಡಿ. ಕುರುಕುಲದ ಅರಸನ ಹೆಸರನ್ನು ಮಗನಿಗೆ ಇಟ್ಟ ತಂದೆಯನ್ನು ನಾನು ಕಂಡಿಲ್ಲ. ಶಾಪಗ್ರಸ್ತನ ಹೆಸರನ್ನು ಯಾರು ಇಡುತ್ತಾರೆ? ನಾನು ಬಲ್ಲ ಪಾಂಡುಗಳೆಲ್ಲ ಶಾಲೆಯ ಹಾಜರಿ ಪುಸ್ತಕದಲ್ಲಿ ಪಾಂಡುರಂಗರು. ಪಾಂಡುರಂಗ ಪಂಢರಪುರದ ವಿಠ್ಠಲ. ಆ ಹೆಸರಿನ ಸುತ್ತ ದೊಡ್ಡ ಚರ್ಚೆಯಿದೆ. ಅಕ್ಷರಾರ್ಥದಲ್ಲಿ ‘ಬಿಳಿ ಬಣ್ಣದವನು’. ಆದರೆ ವಿಠ್ಠಲನ ವಿಗ್ರಹ ಕಪ್ಪು. ಜೈನ ವಿದ್ವಾಂಸ ಹೇಮಚಂದ್ರ ಇದನ್ನು ರುದ್ರನ ಹೆಸರೆಂದು ಹೇಳುತ್ತಾನೆ. ಊರಿನ ಹಳೆಯ ಹೆಸರು ಪಂಡರಗೆ, ಅದನ್ನು ಸಂಸ್ಕೃತಕ್ಕೆ ಒಗ್ಗಿಸಿದಾಗ ಪಾಂಡುರಂಗವಾಯಿತು ಎಂಬುದು ಇನ್ನೊಂದು ವಾದ. ನನಗೆ ಈ ಎರಡನೆಯದೇ ಒಪ್ಪಿಗೆ. ಆ ಕ್ಷೇತ್ರಕ್ಕೂ ಕನ್ನಡಕ್ಕೂ ಇದ್ದ ನಂಟು ಊಹೆಯದಲ್ಲ: ಹೊಯ್ಸಳ ಸೋಮೇಶ್ವರ ವಿಠ್ಠಲನ ಸೇವೆಗಾಗಿ ಹಳ್ಳಿಯೊಂದನ್ನು ದತ್ತಿ ಬಿಟ್ಟ 1237ರ ಶಾಸನ ಆ ಗುಡಿಯಲ್ಲಿಯೇ ಇದೆ. ಅದರ ಭಾಷೆ ಸಂಸ್ಕೃತ ಮತ್ತು ಕನ್ನಡ. ಹಾಗಿದ್ದರೆ ನಮ್ಮ ಬಡಪಾಯಿ ಪಾಂಡುವಿನ ಹೆಸರು ಸಂಸ್ಕೃತದ ಉಡುಪು ತೊಟ್ಟ ಒಂದು ದೇಶ್ಯ ಊರಿನ ಹೆಸರು. ಕುರುಕುಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಹೆಸರಿನ ವಿಷಯ ಬಂದಿತೆಂದು ಹೇಳುತ್ತೇನೆ: ಚಿದಾನಂದ್ ಅವರ ಪಾಂಡುವಿಗೆ ಹೊಡೆಯುತ್ತಿದ್ದ ಹೆಂಡತಿಯ ಹೆಸರು ಶ್ರೀಮತಿ, ಪಾತ್ರ ಮಾಡಿದವರು ಶಾಲಿನಿ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಧಾರಾವಾಹಿ ಮರಳಿದಾಗಲೂ ಇದೇ ಜೋಡಿ. ‘ಆದಿಪುರಾಣ’ ಓದಿದವರಿಗೆ ಶ್ರೀಮತಿ ಎಂದರೆ ವಜ್ರಜಂಘನ ಶ್ರೀಮತಿ, ಶಯ್ಯಾಗೃಹದ ಧೂಪದ ಹೊಗೆಯಲ್ಲಿ ಉಸಿರುಕಟ್ಟಿ ಗಂಡನನ್ನು ಅಪ್ಪಿಕೊಂಡೇ ಪ್ರಾಣಬಿಟ್ಟವಳು. ಪಂಪನಿಂದ ಇಲ್ಲಿಗೆ ದಾಂಪತ್ಯ ಬಹಳ ದೂರ ನಡೆದು ಬಂದಿದೆ. ಇದನ್ನೂ ಒಂದು ಸಂಬಂಧವೆಂದು ಸಾಧಿಸಲು ಹೊರಟರೆ ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ. ಆದ್ದರಿಂದ ಇಲ್ಲಿಗೇ ಬಿಡುತ್ತೇನೆ.

ಉಳಿದದ್ದು ‘ಪಾಪ’. ಇದು ಪಾಂಡುವಿಗೆ ತಿರುಗುಮುರುಗಾದ ಪದ: ಸಂಸ್ಕೃತದ್ದಾಗಿದ್ದೂ ಕನ್ನಡದ ಉಡುಪು ತೊಟ್ಟಿದೆ. ಸಂಸ್ಕೃತದಲ್ಲಿ ಪಾಪ ದುಷ್ಕರ್ಮ, ಅದನ್ನು ಮಾಡಿದವನು ಪಾಪಿ. ಕನ್ನಡದಲ್ಲಿ ‘ಪಾಪಿ’ ಎಂದರೆ ಬೈಗುಳ. ‘ಪಾಪದವನು’ ಎಂದರೆ ಮಾತು ಬಾರದ ಸಾಧು. ಒಂದೇ ಪದದಿಂದ ಹುಟ್ಟಿದ ಇಬ್ಬರು ಒಬ್ಬರನ್ನೊಬ್ಬರು ಮುಖವೆತ್ತಿ ನೋಡಲಾರರು. ‘ಪಾಪದ ಹಣ’ ಅನ್ಯಾಯದ್ದು, ‘ಪಾಪದ ಪ್ರಾಣಿ’ ನಿರಪರಾಧಿ. ಬೋದಿಲೇರನ ಕವಿತೆಗಳಿಗೆ ಲಂಕೇಶರು ಕೊಟ್ಟ ‘ಪಾಪದ ಹೂಗಳು’ ಎಂಬ ಹೆಸರನ್ನು ಮೊದಲ ಸಲ ಕೇಳಿದ ನನ್ನ ತಾಯಿ, ಯಾರೋ ತುಳಿದುಹಾಕಿದ ಹೂಗಳೆಂದು ತಿಳಿದಿದ್ದರು. ಆ ಅರ್ಥವೂ ಕನ್ನಡವೇ.

ಉದ್ಗಾರವಾದಾಗಲಂತೂ ಈ ಪದ ವ್ಯಾಕರಣವನ್ನೇ ಕಳಚಿಕೊಳ್ಳುತ್ತದೆ. ‘ಪಾಪ ಮಾಡಿದ’ ಎಂಬಲ್ಲಿ ಅದು ಕರ್ಮಪದ. ‘ಪಾಪ, ಏನು ಮಾಡಿದ?’ ಎಂಬಲ್ಲಿ ಅದಕ್ಕೆ ವಿಭಕ್ತಿಯಿಲ್ಲ, ಕ್ರಿಯಾಪದದೊಂದಿಗೆ ಅನ್ವಯವಿಲ್ಲ. ಒಂದು ಅಲ್ಪವಿರಾಮ ಅದನ್ನು ವಾಕ್ಯದಿಂದ ಹೊರಗಿಡುತ್ತದೆ. ಶೀರ್ಷಿಕೆಯಲ್ಲಿ ಆ ವಿರಾಮವೂ ಇಲ್ಲ. ಇದು ಕನ್ನಡವೊಂದರ ವೈಚಿತ್ರ್ಯವಲ್ಲ. ತೆಲುಗಿನ ‘ಪಾಪಂ’, ತಮಿಳಿನ ‘ಪಾವಂ’ ಎರಡೂ ಪಾತಕಕ್ಕೂ ಕನಿಕರಕ್ಕೂ ಸಲ್ಲುತ್ತವೆ. ಮಲಯಾಳ ಮಾತ್ರ ಜಗಳ ಬಗೆಹರಿಸಿ ಪಾಲು ಮಾಡಿಕೊಟ್ಟಿದೆ: ‘ಪಾಪಂ’ ಪಾತಕ, ‘ಪಾವಂ’ ಬಡಪಾಯಿ. ಹಿಂದಿ ಕನಿಕರಕ್ಕೆ ಫಾರಸಿಯಿಂದ ‘ಬೇಚಾರಾ’ ತಂದುಕೊಂಡಿತು. ಅದರ ಅರ್ಥ ಉಪಾಯವಿಲ್ಲದವನು. ದಕ್ಷಿಣದ ನಾಲ್ಕು ಭಾಷೆಗಳಿಗೂ ಕನಿಕರಪಡಲು ಸಿಕ್ಕಿದ್ದು ಪಾತಕದ ಹೆಸರು.

ಇದು ಹೇಗಾಯಿತು? ಪೂರ್ವಕರ್ಮದ ಫಲವನ್ನು ಅನುಭವಿಸುತ್ತಿರುವವನನ್ನು ಕಂಡಾಗ ‘ಅವನ ಪಾಪ’ ಎನ್ನುವುದು ‘ಪಾಪ’ ಎಂದಾಯಿತು ಎಂದು ನಾನು ಪಾಠ ಹೇಳುತ್ತಿದ್ದೆ. ತರ್ಕಬದ್ಧವಾಗಿದೆ. ಆದರೆ ಅದರಲ್ಲಿ ಕನಿಕರವೆಲ್ಲಿದೆ? ನರಳುವವನಿಗೆ ಅವನ ಲೆಕ್ಕ ತೋರಿಸಿದಂತಾಗುತ್ತದೆ, ಅಷ್ಟೆ.

ತಾಯಿ ‘ಪಾಪ’ ಎಂದದ್ದು, ತಂದೆ ತಿದ್ದಿದ್ದು ಧಾರಾವಾಹಿಯ ಮುಂದೆ ಅಲ್ಲವಾದರೆ ಎಲ್ಲಿ ಎಂದು ಅಕ್ಕನನ್ನು ಫೋನಿನಲ್ಲಿ ಕೇಳಿದೆ. ಅವಳು ನನಗಿಂತ ಏಳು ವರ್ಷ ದೊಡ್ಡವಳು. ಒಂದು ಕ್ಷಣವೂ ತಡೆಯದೆ ಹೇಳಿದಳು: ‘ಸರಸ್ವತಿಪುರಂ ಮನೆಯ ಹಿತ್ತಲಲ್ಲಿ. ನಾಯಿಮರಿಯನ್ನು ಮೂಲೆಗೆ ಅಟ್ಟಿ ಕಲ್ಲು ಹೊಡೆಯುತ್ತಿದ್ದೆಯಲ್ಲ, ಆಗ. ಅಮ್ಮ ಓಡಿ ಬಂದು, ಹೊಡೀಬೇಡ್ವೋ, ಪಾಪ, ಅಂದಳು. ಅಪ್ಪ ಪುಸ್ತಕ ಹಿಡಿದುಕೊಂಡೇ ಬಾಗಿಲಿಗೆ ಬಂದು, ಪಾಪ ನಾಯಿಯದಲ್ಲ, ಇವನದು, ಅಂದರು. ನೀನು ಕಲ್ಲು ಕೆಳಗೆ ಹಾಕಲಿಲ್ಲ.’

ನವಪದಾರ್ಥಗಳ ಮಾತನ್ನು ತಂದೆಯವರು ಆಡಿರಲೇ ಇಲ್ಲ. ಅದು ನಾನು ಮುಂದೆ ಓದಿದ ಪುಸ್ತಕಗಳದ್ದು. ಅವರ ಬಾಯಲ್ಲಿ ಇಟ್ಟವನು ನಾನು. ಕಲ್ಲು ಹಿಡಿದವನನ್ನು ಅಲ್ಲಿಂದ ಎಬ್ಬಿಸಿ, ಅವನ ಜಾಗದಲ್ಲಿ ಒಬ್ಬ ಶ್ರೀಮತಿಯನ್ನು ಕೂರಿಸಿದವನೂ ನಾನೇ. ಅವಳು ಹೊಡೆದರೆ ಊರೇ ನಗುತ್ತದೆ.

ಅಕ್ಕನದು ಒಬ್ಬಳೇ ಸಾಕ್ಷಿಯ ಮಾತು, ಸರಿ. ಆದರೆ ಪದದ ಚರಿತ್ರೆಗೆ ನಾನು ಹುಡುಕುತ್ತಿದ್ದ ಕೊಂಡಿ ಆ ವಾಕ್ಯದಲ್ಲಿದೆ. ‘ಹೊಡೆಯಬೇಡ, ಪಾಪ.’ ಹೊಡೆದರೆ ನಿನಗೆ ಪಾಪ ಎಂದೂ ಆಗುತ್ತದೆ. ಅದು ಬಡಪ್ರಾಣಿ ಎಂದೂ ಆಗುತ್ತದೆ. ಎರಡು ಅರ್ಥಗಳೂ ಒಂದೇ ಉಸಿರಿನಲ್ಲಿ ನಿಲ್ಲಬಲ್ಲ ಇಂಥ ಮಾತುಗಳಿಂದಲೇ ಅರ್ಥ ಹೊಡೆಯುವವನಿಂದ ಹೊಡೆಸಿಕೊಳ್ಳುವವನ ಕಡೆಗೆ ದಾಟಿರಬೇಕೆಂದು ಈಗ ನನ್ನ ಅಭಿಪ್ರಾಯ. ಕರ್ಮಫಲದ ಲೆಕ್ಕದಿಂದ ಬಾರದ ಕನಿಕರ ಇಲ್ಲಿ ತಾನಾಗಿ ಬರುತ್ತದೆ. ಏಟಿನ ಹಾಸ್ಯಕ್ಕೆ ‘ಪಾಪ’ ಎಂಬ ಶೀರ್ಷಿಕೆ ಅಷ್ಟು ಸಹಜವಾಗಿ ಕೂತದ್ದಕ್ಕೂ ಇದೇ ಕಾರಣವಿದ್ದೀತು; ಯಾರೋ ಯಾರನ್ನೋ ಹೊಡೆಯುವಾಗ ಪಕ್ಕದಲ್ಲಿ ನಿಂತವರು ಆಡುವ ಮಾತು ಅದು.

ಕರಡಿನಿಂದ ದಟ್ಟಗಳ್ಳಿಯ ಸಂಜೆಯನ್ನು ಹೊಡೆದುಹಾಕಿದ್ದೇನೆ. ಅದರ ಜಾಗದಲ್ಲಿ ಹಿತ್ತಲಿದೆ, ಕಲ್ಲಿದೆ, ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತ ತಂದೆಯವರಿದ್ದಾರೆ. ನಾಯಿಮರಿಯ ಬಣ್ಣ ಅಕ್ಕನಿಗೆ ನೆನಪಿಲ್ಲ. ನನಗೆ ಕಂದು ಎಂದು ತೋರುತ್ತದೆ. ಬರೆದಿಲ್ಲ.